ಫಾರ್ಮ್ಯಾಟ್ ಹೊಡೆಸುವ ಮೊದಲು ಪರದೆ ಓದಿ

ನಮ್ಮ ಭಾಗದ ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಸೆಮಿಸ್ಟರ್‌ಗೆ ನಾಲ್ಕಾರು ಸಲವಾದರೂ ಕೇಳಿಬರುವ ಮಾತೊಂದಿದೆ: ‘ಲೇ, ನನ್ ಲ್ಯಾಪ್‌ಟಾಪ್ ಸತ್ತೈತಿ.’ ವಿಚಾರಿಸಿದರೆ ಕಥೆ ಹೆಚ್ಚುಕಡಿಮೆ ಒಂದೇ. ವಿಂಡೋಸ್ ಇದ್ದ ಲ್ಯಾಪ್‌ಟಾಪ್‌ನಲ್ಲಿ ಅದರ ಪಕ್ಕಕ್ಕೆ ಲಿನಕ್ಸ್ ಹಾಕಲು ಹೋಗಿರುತ್ತಾರೆ. ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆದಾಗ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರಗಳ ಒಂದು ಸಾಲು. ಆ ಸಾಲನ್ನು ಯಾರೂ ಓದುವುದಿಲ್ಲ. ಸುತ್ತ ಸೇರಿದ ನಾಲ್ವರಲ್ಲಿ ಮೂವರು ಕೊಡುವ ಸಲಹೆ ಒಂದೇ: ‘ಫಾರ್ಮ್ಯಾಟ್ ಹೊಡಸು.’

ಹುಡುಗ ಅಥವಾ ಹುಡುಗಿ ಮರುದಿನ ಲ್ಯಾಪ್‌ಟಾಪ್ ಹೊತ್ತು ಅಂಗಡಿಗೆ ಹೋಗುತ್ತಾರೆ. ಸಂಜೆಗೆ ಹೊಸ ವಿಂಡೋಸ್ ಬರುತ್ತದೆ, ಮಿನಿ ಪ್ರಾಜೆಕ್ಟ್‌ನ ಕೋಡ್, ನೋಟ್ಸ್, ಮನೆಯವರ ಫೋಟೊ ಎಲ್ಲ ಹೋಗಿರುತ್ತದೆ. ಜೊತೆಗೆ ಇನ್ನೊಂದೂ ಹೋಗಿರುತ್ತದೆ. ಅದು ಧೈರ್ಯ. ಅವರು ಮತ್ತೆ ಲಿನಕ್ಸ್ ಮುಟ್ಟುವುದಿಲ್ಲ. ‘ನಮ್ಗ ಅದೆಲ್ಲ ಬ್ಯಾಡ ತಗೋ’ ಎಂದು ಸುಮ್ಮನಾಗುತ್ತಾರೆ.

ಬೂಟ್ ಆಗದ ಲ್ಯಾಪ್‌ಟಾಪ್ ಬಹುಪಾಲು ಸತ್ತಿರುವುದಿಲ್ಲ, ದಾರಿ ತಪ್ಪಿರುತ್ತದೆ. ಎಲ್ಲಿ ತಪ್ಪಿದೆ ಎಂದು ಅದೇ ಪರದೆಯ ಮೇಲೆ ಬರೆದಿರುತ್ತದೆ. ಅದನ್ನು ಓದಲು ಕಲಿಯುವುದು ಬಿ.ಇ. ಓದುವ ನಮ್ಮ ಜವಾಬ್ದಾರಿ, ಕಲಿಸುವುದು ನಮ್ಮ ಕಾಲೇಜುಗಳ ಜವಾಬ್ದಾರಿ. ಇದು ಈ ಬರಹದ ವಾದ.

ಎರಡನೆಯದು ಯಾಕೆ ಬೇಕು?

ಒಂದು ಇದ್ದಾಗ ಇನ್ನೊಂದು ಯಾಕೆ ಎಂದು ಮನೆಯಲ್ಲಿ ಅಪ್ಪ ಕೇಳಿದರೆ ಉತ್ತರ ಕೊಡಬೇಕು. ವಿಟಿಯು 2022ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನವರಿಗೆ ಮೂರನೇ ಸೆಮಿಸ್ಟರ್‌ನಲ್ಲೇ ಆಪರೇಟಿಂಗ್ ಸಿಸ್ಟಮ್ಸ್ ವಿಷಯವಿದೆ. ಅದರ ಪ್ರಯೋಗಗಳಲ್ಲಿ ಬರುವ ಫೋರ್ಕ್, ಎಕ್ಸೆಕ್, ವೇಟ್ ಮುಂತಾದ ಕರೆಗಳು ಯುನಿಕ್ಸ್ ಮನೆತನಕ್ಕೆ ಸೇರಿದವು, ವಿಂಡೋಸ್‌ನಲ್ಲಿ ಹಾಗೇ ಓಡುವುದಿಲ್ಲ. ಮುಂದೆ ಕ್ಲೌಡ್, ಸರ್ವರ್, ಎಂಬೆಡೆಡ್ ಎಂದು ಯಾವ ಕಡೆ ಹೋದರೂ ಲಿನಕ್ಸ್ ಎದುರಾಗುತ್ತದೆ.

ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಸೌಲಭ್ಯವಿದೆ, ವರ್ಚುವಲ್ ಮಷಿನ್ ಇದೆ, ಡ್ಯುಯಲ್ ಬೂಟ್ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. 16 ಜಿಬಿ ರ‍್ಯಾಮ್ ಇದ್ದವರಿಗೆ ಅದು ಸರಿಯಾದ ಮಾತು. ಅಣ್ಣನಿಂದ ಬಂದ 4 ಜಿಬಿ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಅದರಲ್ಲಿ ಒಂದು ವ್ಯವಸ್ಥೆ ನಡೆಸುವುದೇ ಹೆಣಗಾಟ, ಒಂದರೊಳಗೆ ಇನ್ನೊಂದನ್ನು ನಡೆಸುವ ಮಾತು ದೂರ. ಮೇಲಾಗಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದವರಿಗೆ ಸುರಕ್ಷತಾ ಅಪ್‌ಡೇಟ್ ಮತ್ತೊಂದು ವರ್ಷ ಮಾತ್ರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಚೆನ್ನಾಗಿ ನಡೆಯುತ್ತಿರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಲಿನಕ್ಸ್ ಕಡೆ ನೋಡಲೇಬೇಕು. ಮೊದಲ ದಿನವೇ ವಿಂಡೋಸ್ ತೆಗೆಯಲು ಧೈರ್ಯ ಸಾಲದು. ಹಾಗಾಗಿ ಎರಡನ್ನೂ ಇಟ್ಟುಕೊಳ್ಳುತ್ತಾರೆ.

ನವಲಗುಂದ, ಅಣ್ಣಿಗೇರಿ ಕಡೆ ಒಂದು ಲ್ಯಾಪ್‌ಟಾಪ್ ಎಂದರೆ ಹೆಸರೋ ಕಡಲೆಯೋ ಮಾರಿದ ದುಡ್ಡು, ಇಲ್ಲವೇ ಸಂಘದ ಸಾಲ. ಮನೆಗೆ ಅದೊಂದೇ. ಅದರಲ್ಲಿ ಮಗನ ಪ್ರಾಜೆಕ್ಟ್ ಇರುತ್ತದೆ, ತಂಗಿಯ ಪಿಯುಸಿ ನೋಟ್ಸ್ ಇರುತ್ತದೆ, ಅಪ್ಪನ ಬೆಳೆವಿಮೆ ಕಾಗದಗಳ ಸ್ಕ್ಯಾನ್ ಇರುತ್ತದೆ. ಬೆಂಗಳೂರಿನ ಗೆಳೆಯನಿಗೆ ‘ಡಾಟಾ ಹೋತು’ ಎನ್ನುವುದು ಒಂದು ಸಂಜೆಯ ಬೇಸರ. ನಮಗೆ ಅದು ಮನೆಯ ಕಪಾಟಿಗೇ ಬೆಂಕಿ ಬಿದ್ದಂತೆ.

ಊರಿಂದ ಕಾಲೇಜಿಗೆ ಮೂರು ಬಸ್ಸು

ಬೂಟ್ ಎಂದರೇನು ಎಂಬುದನ್ನು ನಮ್ಮ ಬಸ್ಸಿನ ಲೆಕ್ಕದಲ್ಲೇ ಹೇಳಬಹುದು. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಿಂದ ಧಾರವಾಡದ ಕಾಲೇಜಿಗೆ ಬರುವ ಹುಡುಗಿಯನ್ನು ನೆನೆಯಿರಿ. ಊರಿಂದ ನವಲಗುಂದಕ್ಕೆ ಒಂದು ಬಸ್ಸು, ನವಲಗುಂದದಿಂದ ಹುಬ್ಬಳ್ಳಿಗೆ ಇನ್ನೊಂದು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ. ಒಂದು ದಿನ ಆಕೆ ತರಗತಿಗೆ ಬರಲಿಲ್ಲವೆಂದರೆ ಕಾಲೇಜು ಬಿದ್ದುಹೋಗಿದೆ ಎಂದು ಯಾರೂ ಹೇಳುವುದಿಲ್ಲ. ಯಾವ ಬಸ್ಸು ತಪ್ಪಿತು ಎಂದು ಕೇಳುತ್ತಾರೆ.

ಲ್ಯಾಪ್‌ಟಾಪ್‌ನಲ್ಲೂ ಹೀಗೇ. ಬಟನ್ ಒತ್ತಿದಾಗ ಮೊದಲು ಏಳುವುದು ಬೋರ್ಡಿನ ಮೇಲೇ ಇರುವ ಫರ್ಮ್‌ವೇರ್. ಹಳೆಯವರು ಬಯೋಸ್ ಎನ್ನುವ ಇದರ ಈಗಿನ ರೂಪ ಯುಇಎಫ್‌ಐ. ಇದು ಮೆಮೊರಿ, ಕೀಬೋರ್ಡ್, ಡಿಸ್ಕ್ ಇವೆಯೇ ನೋಡಿ, ತನ್ನ ಪಟ್ಟಿಯಲ್ಲಿ ಮೊದಲು ಯಾರ ಹೆಸರಿದೆಯೋ ಅವರನ್ನು ಕರೆಯುತ್ತದೆ. ಆ ಹೆಸರಿನವರು ಇರುವುದು ಡಿಸ್ಕಿನ ಒಂದು ಪುಟ್ಟ ಭಾಗದಲ್ಲಿ, ಅದರ ಹೆಸರು ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ಅಲ್ಲಿ ವಿಂಡೋಸ್‌ನ ಬೂಟ್ ಮ್ಯಾನೇಜರ್ ಒಂದು ಫೋಲ್ಡರ್‌ನಲ್ಲಿ, ಲಿನಕ್ಸ್‌ನ ಗ್ರಬ್ ಇನ್ನೊಂದು ಫೋಲ್ಡರ್‌ನಲ್ಲಿ ಜಗಳವಿಲ್ಲದೆ ಇರುತ್ತವೆ. ಇದು ಎರಡನೇ ಬಸ್ಸು. ಗ್ರಬ್ ತನ್ನ ಪಟ್ಟಿ ತೋರಿಸಿ, ನಾವು ಆರಿಸಿದ ವ್ಯವಸ್ಥೆಯ ಕರ್ನಲ್ ಅನ್ನು ಮೆಮೊರಿಗೆ ತಂದು ಕೈ ಬಿಡುತ್ತದೆ. ಮೂರನೇ ಬಸ್ಸಾದ ಕರ್ನಲ್ ನಮ್ಮ ಕಡತಗಳಿರುವ ಪಾರ್ಟಿಷನ್ ಹುಡುಕಿ ಜೋಡಿಸಿಕೊಂಡು ಲಾಗಿನ್ ಪರದೆಗೆ ತಲುಪಿಸುತ್ತದೆ.

ಪ್ರತಿ ಹಂತಕ್ಕೂ ಅದರದೇ ಬಗೆಯ ದೂರು ಇದೆ. ಕಂಪನಿಯ ಲೋಗೊ ಕಾಣುತ್ತಿದೆಯೇ? ಹಾಗಾದರೆ ಮೊದಲ ಬಸ್ಸು ಸಿಕ್ಕಿದೆ. ಗ್ರಬ್ ಪಟ್ಟಿ ಕಾಣುತ್ತಿದೆಯೇ? ಎರಡನೆಯದೂ ಸಿಕ್ಕಿದೆ. ಸಾಲು ಸಾಲು ಅಕ್ಷರ ಓಡಿ ನಡುವೆ ನಿಂತಿತೇ? ಮೂರನೇ ಬಸ್ಸು ಹತ್ತಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಇಷ್ಟು ಗುರುತಿಸಿದರೆ ಅರ್ಧ ರಿಪೇರಿ ಮುಗಿದಂತೆ.

ಯಾವ ಬಸ್ಸು ತಪ್ಪಿತು?

ಹೆಚ್ಚಾಗಿ ಬರುವ ದೂರು: ‘ಉಬುಂಟು ಹಾಕೇನಿ, ಆದ್ರೂ ನೆಟ್ಟಗ ವಿಂಡೋಸ್ ಬರಾಕತ್ತೈತಿ.’ ಇದು ಕೆಟ್ಟದ್ದೇ ಅಲ್ಲ. ಫರ್ಮ್‌ವೇರ್‌ನ ಪಟ್ಟಿಯಲ್ಲಿ ವಿಂಡೋಸ್ ಮೊದಲಿದೆ, ಅಷ್ಟೆ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತಿ. ಡೆಲ್, ಲೆನೊವೊ, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಅಲ್ಲಿ ಉಬುಂಟು ಹೆಸರು ಕಂಡರೆ ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಅದನ್ನು ಮೇಲೆ ತಂದರೆ ಮುಗಿಯಿತು.

ಇದಕ್ಕೆ ತಿರುವು ಮುರುವು ಎಂದರೆ ಗ್ರಬ್ ಪಟ್ಟಿ ಬರುತ್ತದೆ, ಅದರಲ್ಲಿ ವಿಂಡೋಸ್ ಇರುವುದಿಲ್ಲ. ‘ವಿಂಡೋಸ್ ಅಳಿಸಿ ಹೋತು’ ಎಂದು ಅಳುವ ಮೊದಲು ಅದೇ ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ ನೋಡಿ. ಬಹಳ ಸಲ ಅದು ನೆಮ್ಮದಿಯಾಗಿ ತೆರೆದುಕೊಳ್ಳುತ್ತದೆ. 2021ರಲ್ಲಿ ಬಂದ ಗ್ರಬ್ 2.06 ಆವೃತ್ತಿಯಿಂದ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಸಾಧನವನ್ನು ಸುರಕ್ಷತೆಯ ಕಾರಣಕ್ಕೆ ಮೊದಲಿಂದಲೇ ಬಂದ್ ಇಟ್ಟಿದ್ದಾರೆ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ಬದಲಿಸಿ ಪಟ್ಟಿ ಹೊಸದಾಗಿ ಬರೆಸಿದರೆ ವಿಂಡೋಸ್ ಹೆಸರು ಮರಳಿ ಬರುತ್ತದೆ.

‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ ಮಾತ್ರ ಕಂಡರೆ, ಗ್ರಬ್ ಎದ್ದಿದೆ, ಆದರೆ ತನ್ನ ಉಳಿದ ಸಾಮಾನು ಎಲ್ಲಿದೆ ಎಂದು ಅದಕ್ಕೆ ಸಿಗುತ್ತಿಲ್ಲ ಎಂದರ್ಥ. ಲಿನಕ್ಸ್ ಬೇಡವೆಂದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಷನ್ ಅಳಿಸಿದವರಿಗೆ ಇದು ಬರುತ್ತದೆ. ಮನೆ ಕೆಡವಿದ್ದಾರೆ, ಊರ ಮುಂದಿನ ಬೋರ್ಡು ಹಾಗೇ ಉಳಿದಿದೆ. ಬೂಟ್ ಮೆನುವಿನಿಂದ ವಿಂಡೋಸ್‌ಗೆ ಹೋಗಬಹುದು, ಆಮೇಲೆ ಫರ್ಮ್‌ವೇರ್‌ನಲ್ಲಿ ಕ್ರಮ ಬದಲಿಸಬಹುದು.

ಗ್ರಬ್‌ನಲ್ಲಿ ಉಬುಂಟು ಆರಿಸಿದ ಮೇಲೆ ಪರದೆ ಪೂರ್ತಿ ಕಪ್ಪಾಗಿ ಫ್ಯಾನ್ ಸದ್ದು ಮಾತ್ರ ಕೇಳುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಗ್ರಾಫಿಕ್ಸ್ ಡ್ರೈವರ್. ಎನ್‌ವಿಡಿಯಾ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಗ್ರಬ್ ಪಟ್ಟಿಯಲ್ಲಿ ಉಬುಂಟು ಮೇಲೆ ನಿಂತು ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂಬ ಒಂದೇ ಪದ ಸೇರಿಸಿ ಎಫ್10 ಒತ್ತಬೇಕು. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ಸರಿಯಾದ ಡ್ರೈವರ್ ಹಾಕಿಕೊಂಡರೆ ತೊಂದರೆ ತಪ್ಪುತ್ತದೆ.

‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ ಬಂದು ನಿಂತರೆ ಕರ್ನಲ್‌ಗೆ ಮುಖ್ಯ ಪಾರ್ಟಿಷನ್ ಜೋಡಿಸಿಕೊಳ್ಳಲು ಆಗುತ್ತಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಪ್ಲಗ್‌ಗೆ ಹಾಕಿ ನಡೆಸುವ ನಮ್ಮ ಹಳ್ಳಿಗಳಲ್ಲಿ ಕರೆಂಟ್ ಹೋದಾಗ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಂತು ಹೀಗಾಗುವುದುಂಟು. ಯಾವ ಪಾರ್ಟಿಷನ್ ಪರೀಕ್ಷಿಸಬೇಕು ಎಂದು ಮೇಲಿನ ಸಾಲಲ್ಲೇ ಹೆಸರಿರುತ್ತದೆ. ಆ ಹೆಸರಿಟ್ಟು ಎಫ್‌ಎಸ್‌ಸಿಕೆ ಎಂಬ ಪರೀಕ್ಷೆಯ ಆದೇಶ ಕೊಟ್ಟರೆ ಹಲವು ಸಲ ಸರಿಹೋಗುತ್ತದೆ.

ಇನ್ನು ಇನ್‌ಸ್ಟಾಲ್ ಮಾಡುವಾಗಲೇ ಆಗುವ ಎಡವಟ್ಟುಗಳು. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದು ಪೆನ್‌ಡ್ರೈವ್ ಹಳೆಯ ಲೆಗಸಿ ವಿಧಾನದಲ್ಲಿ ಎದ್ದರೆ ಎರಡೂ ಒಂದೇ ಪಟ್ಟಿಗೆ ಬರುವುದಿಲ್ಲ. ವಿಂಡೋಸ್‌ನ ಸಿಸ್ಟಮ್ ಇನ್‌ಫರ್ಮೇಷನ್ ತೆರೆದರೆ ‘ಬಯೋಸ್ ಮೋಡ್’ ಎದುರು ಯಾವುದೆಂದು ಬರೆದಿರುತ್ತದೆ, ಮೊದಲೇ ನೋಡಿಕೊಳ್ಳಿ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಹುತೇಕ ಇಂಟೆಲ್‌ನ ಆರ್‌ಎಸ್‌ಟಿ ವ್ಯವಸ್ಥೆ ಚಾಲೂ ಇರುತ್ತದೆ. ಅದನ್ನು ಫರ್ಮ್‌ವೇರ್‌ನಲ್ಲಿ ಥಟ್ಟನೆ ಎಎಚ್‌ಸಿಐಗೆ ಬದಲಿಸಿದರೆ ಲಿನಕ್ಸ್‌ಗೆ ಡಿಸ್ಕ್ ಕಾಣುತ್ತದೆ, ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಹಾಗಾದರೆ ಹಳೆಯ ಸೆಟ್ಟಿಂಗ್‌ಗೆ ಮರಳಿಸಿದರೆ ವಿಂಡೋಸೂ ಮರಳುತ್ತದೆ. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೇಳಿ, ಆಮೇಲೆ ಬದಲಿಸುವುದು ಸರಿಯಾದ ಕ್ರಮ.

ಇಷ್ಟರಲ್ಲಿ ಒಂದಕ್ಕೂ ಫಾರ್ಮ್ಯಾಟ್ ಮದ್ದಲ್ಲ.

ತಪ್ಪು ನಮ್ಮದೇ ಎಂದೇನಿಲ್ಲ

ಹಳ್ಳಿಯಿಂದ ಬಂದ, ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಮ್ಮಂಥವರಿಗೆ ಕಪ್ಪು ಪರದೆಯ ಇಂಗ್ಲಿಷ್ ಸಾಲು ಕಂಡಾಗ ಮೊದಲು ಬರುವ ಭಾವ ‘ನಾನೇ ಏನೋ ಕೆಡಿಸಿದೆ’ ಎಂಬುದು. 2024ರ ಆಗಸ್ಟ್‌ನಲ್ಲಿ ನಡೆದದ್ದು ಈ ಭಾವಕ್ಕೆ ಒಳ್ಳೆಯ ಉತ್ತರ. ಆ ತಿಂಗಳ 13ರಂದು ಮೈಕ್ರೋಸಾಫ್ಟ್ ಬಿಟ್ಟ ವಿಂಡೋಸ್ ಸುರಕ್ಷತಾ ಅಪ್‌ಡೇಟ್, ಹಳೆಯ ದೋಷವಿದ್ದ ಲಿನಕ್ಸ್ ಬೂಟ್‌ಲೋಡರ್‌ಗಳನ್ನು ತಡೆಯುವ ಪಟ್ಟಿಯೊಂದನ್ನು ಫರ್ಮ್‌ವೇರ್‌ಗೆ ಸೇರಿಸಿತು. ಡ್ಯುಯಲ್ ಬೂಟ್ ಇರುವ ಯಂತ್ರಗಳಿಗೆ ಅದು ತಾಗುವುದಿಲ್ಲ ಎಂದು ಕಂಪನಿ ಹೇಳಿತ್ತು. ತಾಗಿತು. ಜಗತ್ತಿನಾದ್ಯಂತ ಸೆಕ್ಯೂರ್ ಬೂಟ್ ಚಾಲೂ ಇದ್ದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದುವರೆಗೆ ಚೆನ್ನಾಗಿದ್ದ ಲಿನಕ್ಸ್ ನಿಂತು, ‘ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್’ ಎಂಬ ಸಾಲು ತೋರಿಸಿತು. ಮೈಕ್ರೋಸಾಫ್ಟ್ ಇದನ್ನು ಪೂರ್ತಿ ಸರಿಪಡಿಸಿದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ. ಅಷ್ಟರವರೆಗೆ ಪರಿಹಾರ ಇರಲಿಲ್ಲವೆಂದಲ್ಲ. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆರಿಸಿ, ಆ ಪಟ್ಟಿಯನ್ನು ಲಿನಕ್ಸ್‌ನಿಂದ ಅಳಿಸಿ, ಮತ್ತೆ ಚಾಲೂ ಮಾಡಿದವರ ಲ್ಯಾಪ್‌ಟಾಪ್ ಎದ್ದು ಕೂತಿತು. ಪರದೆಯ ಸಾಲನ್ನು ಹಾಗೇ ಮೊಬೈಲ್‌ನಲ್ಲಿ ಟೈಪ್ ಮಾಡಿ ಹುಡುಕಿದವರಿಗೆ ಈ ದಾರಿ ಸಿಕ್ಕಿತು. ಓದದೆ ಅಂಗಡಿಗೆ ಹೋದವರಿಗೆ ಫಾರ್ಮ್ಯಾಟ್ ಸಿಕ್ಕಿತು.

ಅದಕ್ಕೂ ಒಂದು ತಿಂಗಳ ಮೊದಲು, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದನ್ನು ಎಲ್ಲರೂ ನೋಡಿದ್ದೇವೆ. ಬ್ಯಾಂಕು, ಆಸ್ಪತ್ರೆ, ವಿಮಾನ ಕಂಪನಿಗಳ ತಂತ್ರಜ್ಞರು ಆಗ ಮಾಡಿದ್ದೇನು? ಯಂತ್ರದ ಮುಂದೆ ಕುಳಿತು ಸೇಫ್ ಮೋಡ್‌ಗೆ ಹೋಗಿ ಒಂದು ಕಡತ ಅಳಿಸಿದರು. ಮತ್ತೆ ಬೂಟ್ ಆಯಿತು. ಎಷ್ಟೋ ಕಡೆ ಅವರನ್ನು ತಡೆದು ನಿಲ್ಲಿಸಿದ್ದು ಬಿಟ್‌ಲಾಕರ್ ಕೀ ಕೈಯಲ್ಲಿ ಇಲ್ಲದ್ದು. ಆ ಪಾಠ ನಮಗೂ ಬೇಕು.

ಉತಾರ ಹೋದರೂ ಹೊಲ ಇರುತ್ತದೆ

ಪಾರ್ಟಿಷನ್ ಎಂದರೆ ಡಿಸ್ಕಿನ ಹೊಲಕ್ಕೆ ಹಾಕಿದ ಬದು. ಯಾವ ಪಾಲು ಎಲ್ಲಿಂದ ಎಲ್ಲಿಗೆ ಎಂದು ಬರೆದಿಟ್ಟ ಪಾರ್ಟಿಷನ್ ಟೇಬಲ್ ಅದರ ಉತಾರ. ಉತಾರ ಕಳೆದರೆ ಹೊಲದ ಬೆಳೆ ಒಣಗುವುದಿಲ್ಲ. ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಧನ ಡಿಸ್ಕನ್ನು ಅಳೆದು ಹಳೆಯ ಬದು ಎಲ್ಲಿತ್ತೆಂದು ಹೇಳಬಲ್ಲದು, ಆ ಜಾಗದ ಮೇಲೆ ಹೊಸದೇನನ್ನೂ ಬರೆಯದಿದ್ದರೆ ಮಾತ್ರ. ಫಾರ್ಮ್ಯಾಟ್ ಮಾಡಿ ವಿಂಡೋಸ್ ತುಂಬುವುದು ಅದೇ ಹೊಲಕ್ಕೆ ಟ್ರ್ಯಾಕ್ಟರ್ ಬಿಟ್ಟಂತೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಆಮೇಲೂ ಅಷ್ಟಿಷ್ಟು ಆಯ್ದುಕೊಳ್ಳಬಹುದಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಫಾರ್ಮ್ಯಾಟ್ ಆದ ಕೂಡಲೇ ಟ್ರಿಮ್ ಎಂಬ ಆದೇಶ ಹೋಗಿ, ಖಾಲಿ ಎಂದು ಗುರುತಾದ ಜಾಗವನ್ನು ಡಿಸ್ಕ್ ತಾನೇ ಒರೆಸಿಹಾಕುತ್ತದೆ. ಹೋದದ್ದು ಹೋದಂತೆಯೇ.

ಅಂಗಡಿಯವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಒಂದು ದಿನಕ್ಕೆ ಹತ್ತು ಲ್ಯಾಪ್‌ಟಾಪ್ ಬಂದರೆ ಪ್ರತಿಯೊಂದರ ಮುಂದೆ ಎರಡು ತಾಸು ಕೂತು ಪತ್ತೆ ಮಾಡುವುದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಫಾರ್ಮ್ಯಾಟ್ ಮಾಡುವುದು ಅವರಿಗೆ ಗೊತ್ತಿರುವ ಹೊತ್ತು, ಗೊತ್ತಿರುವ ದರ. ಪತ್ತೆ ಮಾಡುವ ಪುರಸೊತ್ತು ಇರುವುದು ನಮಗೆ. ಅಂಗಡಿಗೆ ಹೋಗಲೇಬೇಕಾದರೂ ಒಂದು ಮಾತು ಹೇಳಿ: ‘ಅಣ್ಣಾರ, ಮೊದ್ಲ ಡಾಟಾ ತಗದ್ಕೊಡ್ರಿ, ಆಮ್ಯಾಲ ಏನ್ ಬೇಕಾದ್ದು ಮಾಡ್ರಿ.’ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಒಳಗಿನ ಡಿಸ್ಕ್ ತೆರೆದು ಬೇಕಾದದ್ದನ್ನು ಇನ್ನೊಂದು ಡ್ರೈವ್‌ಗೆ ನಕಲು ಮಾಡಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಕೀ ಬೇಕಾಗುತ್ತದೆ.

ಹಾಕುವ ಮುನ್ನ

ಬಿತ್ತುವ ಮೊದಲು ಹೊಲ ಹದ ಮಾಡುವಂತೆ ಇಲ್ಲೂ ಸ್ವಲ್ಪ ತಯಾರಿ ಬೇಕು. ಮೊದಲನೆಯದು ಬ್ಯಾಕಪ್. ಗೆಳೆಯನ ಹಾರ್ಡ್‌ಡಿಸ್ಕ್ ಒಂದು ದಿನಕ್ಕೆ ಕೇಳಿ ತನ್ನಿ. ಎರಡನೆಯದು ಬಿಟ್‌ಲಾಕರ್ ಕೀ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಬಹುದು, ನಿಮಗೆ ಗೊತ್ತೂ ಆಗದು. ಬೂಟ್ ಕ್ರಮ ಅಥವಾ ಸೆಕ್ಯೂರ್ ಬೂಟ್ ಮುಟ್ಟಿದಾಗ ಅದು 48 ಅಂಕಿಗಳ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಗುತ್ತದೆ. ಮೊದಲೇ ನೋಡಿ ನೋಟ್‌ಬುಕ್‌ನಲ್ಲಿ ಕೈಯಿಂದ ಬರೆದುಕೊಳ್ಳಿ. ಲ್ಯಾಪ್‌ಟಾಪ್ ಒಳಗೇ ಉಳಿಸಿದರೆ ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡಂತೆ.

ಮೂರನೆಯದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡುವುದು. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗಲೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅದರ ಡ್ರೈವ್‌ಗೆ ಲಿನಕ್ಸ್‌ನಿಂದ ಬರೆಯುವುದು ಅಪಾಯ. ನಾಲ್ಕನೆಯದು ಜಾಗ. ಲಿನಕ್ಸ್‌ಗೆ ಬೇಕಾದ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕಡಿಮೆ ಮಾಡಿ ಖಾಲಿ ಬಿಡಿ. ಇನ್‌ಸ್ಟಾಲರ್‌ನಲ್ಲಿ ‘ಇರೇಸ್ ಡಿಸ್ಕ್’ ಎಂಬ ಆಯ್ಕೆಯನ್ನು ಮುಟ್ಟಬೇಡಿ, ಅದು ಪೂರ್ತಿ ಡಿಸ್ಕ್ ಒರೆಸುತ್ತದೆ.

ಐದನೆಯದು ನಮ್ಮ ಕಡೆಯವರಿಗೆ ವಿಶೇಷವಾದದ್ದು. ಉಬುಂಟು 24.04ರ ಕಡತ ಸುಮಾರು 6 ಜಿಬಿ, ಲಿನಕ್ಸ್ ಮಿಂಟ್ ಸುಮಾರು 3 ಜಿಬಿ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಡಾಟಾದಲ್ಲಿ ಇದನ್ನು ಎರಡು ಮೂರು ದಿನ ತುಂಡು ತುಂಡಾಗಿ ಇಳಿಸಿದಾಗ ಕಡತ ಕೆಟ್ಟಿರುವ ಸಾಧ್ಯತೆ ಇದೆ. ಇಳಿಸಿದ ಮೇಲೆ ಅದರ ಚೆಕ್‌ಸಮ್ ಮೂಲ ತಾಣದಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಅನೇಕ ‘ನಿಗೂಢ’ ತೊಂದರೆಗಳ ಮೂಲ ಇಲ್ಲೇ ಇರುತ್ತದೆ. ಬ್ಯಾಟರಿ ಪೂರ್ತಿ ತುಂಬಿಸಿ, ಕರೆಂಟ್ ನಂಬಿಕೆಯಿಲ್ಲದ ಹೊತ್ತು ಬಿಟ್ಟು ಕೂತುಕೊಳ್ಳಿ. ಪಕ್ಕದಲ್ಲಿ ಒಂದು ಮೊಬೈಲ್ ಇರಲಿ, ಬಂದ ಪ್ರತಿ ಪರದೆಯ ಫೋಟೊ ತೆಗೆಯಿರಿ. ನಾಳೆ ಸಹಾಯ ಕೇಳುವಾಗ ‘ಏನೋ ಇಂಗ್ಲಿಷ್‌ನ್ಯಾಗ ಬಂದಿತ್ತು’ ಎನ್ನುವುದಕ್ಕಿಂತ ಆ ಫೋಟೊ ತೋರಿಸಿದರೆ ಉತ್ತರ ಬೇಗ ಸಿಗುತ್ತದೆ.

ನಾಳೆ ಪ್ಲೇಸ್‌ಮೆಂಟ್ ಟೆಸ್ಟ್ ಅಥವಾ ಪ್ರಾಜೆಕ್ಟ್ ರಿವ್ಯೂ ಇದ್ದರೆ ಇವತ್ತು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಲಿನಕ್ಸ್ ನಡೆಸಿ ನೋಡುವುದು ಯಾವ ದಿನವೂ ಸುರಕ್ಷಿತ.

ಕಾಲೇಜುಗಳಿಗೆ ಒಂದು ಬೇಡಿಕೆ

ಇಷ್ಟೆಲ್ಲ ವಿದ್ಯಾರ್ಥಿಗಳ ತಲೆಯ ಮೇಲೆ ಹೊರಿಸಿ ಸುಮ್ಮನಾದರೆ ಅನ್ಯಾಯ. ನಮ್ಮ ಪಠ್ಯದಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಶೆಡ್ಯೂಲಿಂಗ್ ಇದೆ, ಡೆಡ್‌ಲಾಕ್ ಇದೆ, ಪೇಜ್ ರಿಪ್ಲೇಸ್‌ಮೆಂಟ್ ಇದೆ. ಒಂದು ಆಪರೇಟಿಂಗ್ ಸಿಸ್ಟಮ್ ಕೈಯಾರೆ ಹಾಕಿ, ಕೆಡಿಸಿ, ಸರಿಮಾಡುವ ಒಂದು ದಿನ ಇಲ್ಲ. ಲ್ಯಾಬ್‌ನ ಕಂಪ್ಯೂಟರ್‌ಗಳಲ್ಲಿ ಎಲ್ಲವೂ ಮೊದಲೇ ಹಾಕಿರುತ್ತದೆ. ಅವು ಬೂಟ್ ಆಗದಿದ್ದರೆ ‘ಆ ಸಿಸ್ಟಮ್ ಬಿಡ್ರಿ, ಪಕ್ಕದ್ದಕ್ಕ ಕೂಡ್ರಿ’ ಎನ್ನುತ್ತಾರೆ. ಹಾಳಾದ ಯಂತ್ರವೇ ಒಳ್ಳೆಯ ಪಾಠ ಎಂದು ಯಾರಿಗೂ ತೋಚುವುದಿಲ್ಲ.

ಮೂರನೇ ಸೆಮಿಸ್ಟರ್‌ನ ಮೊದಲ ತಿಂಗಳಲ್ಲಿ ಒಂದು ಶನಿವಾರ ಇನ್‌ಸ್ಟಾಲ್ ದಿನ ಎಂದು ಇಡಲಿ. ಲಿನಕ್ಸ್ ಬಳಗಗಳಲ್ಲಿ ಇನ್‌ಸ್ಟಾಲ್ ಫೆಸ್ಟ್ ಎಂಬ ಪದ್ಧತಿ ಹಳೆಯದು. ಸೆಪ್ಟೆಂಬರ್‌ನ ಮೂರನೇ ಶನಿವಾರ ಆಚರಿಸುವ ಸಾಫ್ಟ್‌ವೇರ್ ಸ್ವಾತಂತ್ರ್ಯ ದಿನವನ್ನೇ ಇದಕ್ಕೆ ಹಿಡಿಯಬಹುದು. ಕಾಲೇಜಿನ ವೈಫೈನಲ್ಲಿ ಒಮ್ಮೆ ಇಳಿಸಿದ ಕಡತ ಎಲ್ಲರಿಗೂ ಆಗುತ್ತದೆ, ಯಾರ ಮೊಬೈಲ್ ಡಾಟಾವೂ ಖರ್ಚಾಗದು. ಕರೆಂಟ್‌ಗೆ ಯುಪಿಎಸ್ ಇರುತ್ತದೆ, ಪಕ್ಕದಲ್ಲಿ ಹಿಂದಿನ ವರ್ಷ ಹಾಕಿದ ಸೀನಿಯರ್ ಅಕ್ಕ, ಅಣ್ಣಂದಿರು ಇರುತ್ತಾರೆ. ಲೈಬ್ರರಿಯಲ್ಲಿ ಪುಸ್ತಕದಂತೆ ಎರವಲು ಕೊಡುವ ನಾಲ್ಕು ರೆಸ್ಕ್ಯೂ ಪೆನ್‌ಡ್ರೈವ್‌ಗಳು, ಲ್ಯಾಬ್ ಗೋಡೆಗೆ ಹತ್ತು ಸಾಮಾನ್ಯ ಬೂಟ್ ಸಂದೇಶಗಳ ಅರ್ಥ ಕನ್ನಡದಲ್ಲಿ ಬರೆದ ಒಂದು ಹಾಳೆ ಇದ್ದರೆ ಸಾಕು. ಹೆಚ್ಚಿನ ಖರ್ಚಿನ ಬಾಬತ್ತೇ ಅಲ್ಲ. ಪಾಲಿಟೆಕ್ನಿಕ್, ಬಿಸಿಎ ಕಾಲೇಜುಗಳೂ ಮಾಡಬಹುದು.

ಸಣ್ಣ ಊರಿನಲ್ಲಿ ಇದಾಗದು ಎನ್ನುವವರು ಪಕ್ಕದ ಕೇರಳ ನೋಡಲಿ. ಅಲ್ಲಿನ ಶಾಲೆಗಳಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ ಈಗ ಕೈಟ್ ಎನಿಸಿಕೊಂಡಿರುವ ಸರ್ಕಾರಿ ಸಂಸ್ಥೆ ವರ್ಷಗಳಿಂದ ಉಬುಂಟು ಆಧಾರಿತ ಲಿನಕ್ಸ್‌ನಲ್ಲೇ ಪಾಠ ನಡೆಸುತ್ತಿದೆ. 2018ರಲ್ಲಿ ಶುರುವಾದ ಲಿಟಲ್ ಕೈಟ್ಸ್ ಕ್ಲಬ್‌ಗಳಲ್ಲಿ ಹೈಸ್ಕೂಲ್ ಮಕ್ಕಳಿಗೇ ಹಾರ್ಡ್‌ವೇರ್, ಸಾಫ್ಟ್‌ವೇರ್ ತರಬೇತಿ ಕೊಡುತ್ತಾರೆ. ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳೂ ಅದೇ ರಾಜ್ಯದ ಶಾಲೆಗಳಲ್ಲಿ ಓದುತ್ತಾರೆ. ಹೈಸ್ಕೂಲಿನಲ್ಲಿ ಆಗುವ ಕೆಲಸ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಗದು ಎಂದರೆ ನಂಬುವುದು ಹೇಗೆ?

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ಸಿಸ್ಟಮ್ ಅಡ್ಮಿನ್, ಟೆಕ್ನಿಕಲ್ ಸಪೋರ್ಟ್, ಡೆವ್‌ಆಪ್ಸ್ ಸಂದರ್ಶನಗಳಲ್ಲಿ ಕೇಳುವ ಹಳೆಯ ಪ್ರಶ್ನೆಯೊಂದಿದೆ: ಪವರ್ ಬಟನ್ ಒತ್ತಿದಾಗಿನಿಂದ ಲಾಗಿನ್ ಬರುವವರೆಗೆ ಏನೇನು ನಡೆಯುತ್ತದೆ? ಉರುಹೊಡೆದವರು ಐದು ಹೆಸರು ಹೇಳಿ ನಿಲ್ಲುತ್ತಾರೆ. ತಮ್ಮ ಲ್ಯಾಪ್‌ಟಾಪನ್ನು ಒಂದು ಸಲ ತಾವೇ ಎಬ್ಬಿಸಿದವರು ಎಲ್ಲಿ ನಿಂತಿತ್ತು, ಹೇಗೆ ಗೊತ್ತಾಯಿತು, ಏನು ಮಾಡಿದೆ ಎಂದು ಹೇಳುತ್ತಾರೆ. ಯಾವ ಸರ್ಟಿಫಿಕೇಟೂ ಇಲ್ಲದ ಹಳ್ಳಿಯ ಹುಡುಗ, ಹುಡುಗಿಗೆ ಇದು ರೆಸ್ಯುಮೆಯಲ್ಲಿ ಬರೆಯಬಹುದಾದ ನಿಜವಾದ ಕೆಲಸ.

ಹೊಸ ಸೆಮಿಸ್ಟರ್ ಶುರುವಾಗುವ ಮುನ್ನ ನಿಮ್ಮ ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಇನ್‌ಸ್ಟಾಲ್ ದಿನಕ್ಕೆ ಒಂದು ಶನಿವಾರ ಕೇಳಿ. ಕೊಡದಿದ್ದರೆ ಹಾಸ್ಟೆಲ್‌ನ ಓದುವ ಕೋಣೆಯಲ್ಲಿ ನೀವೇ ನಾಲ್ವರು ಸೇರಿ ಮಾಡಿ. ಅಷ್ಟರೊಳಗೆ ಯಾರಾದರೂ ‘ಲ್ಯಾಪ್‌ಟಾಪ್ ಸತ್ತೈತಿ’ ಎಂದು ಬಂದರೆ, ಫಾರ್ಮ್ಯಾಟ್ ಎನ್ನುವ ಮೊದಲು ಕೇಳಿ: ‘ಪರದೆ ಮ್ಯಾಲೆ ಏನ್ ಬರದೈತಿ, ಓದಿ ಹೇಳು.’